ಉಡಿ ತುಂಬಿದ ಮೇಲೆ

ಫೆಬ್ರುವರಿ 8, ಸೋಮವಾರ. ಬೆಳಿಗ್ಗೆ

ನೀರು ಬಂತು, ಎಂಟನೇ ದಿನಕ್ಕೆ. ಸಿಂಟೆಕ್ಸ್ ತುಂಬಿತು, ಹಂಡೆ ತುಂಬಿತು, ಅತ್ತಿಯ ತಾಮ್ರದ ಕೊಡವೂ ತುಂಬಿತು. ಬೆಳಿಗ್ಗೆ ಆರರ ಟ್ಯೂಷನ್ ಬ್ಯಾಚಿಗೆ ತ್ರಿಕೋನಮಿತಿ ಮುಗಿಸಿದೆ. ಮುಂದಿನ ತಿಂಗಳು ಎಸ್ಸೆಸ್ಸೆಲ್ಸಿ. ಅರ್ಧ ಮಂದಿಗೆ ಇನ್ನೂ ಸೈನ್ ಯಾವುದು, ಕಾಸ್ ಯಾವುದು ಗೊತ್ತಿಲ್ಲ.

ಎರಡೂ ಪೇಪರ್ ಓದಿದೆ. ಅಪ್ಪ ದುರ್ಗದಬೈಲಿನಲ್ಲಿ ಪೇಪರ್ ಏಜೆಂಟ್ ಇದ್ದರು. ಒಂದೇ ಪೇಪರ್ ಓದಿದರೆ ಅರ್ಧ ಸುದ್ದಿ ಅನ್ನುತ್ತಿದ್ದರು. ಆ ಚಟ ಬಿಟ್ಟಿಲ್ಲ.

ಪಾಲಿಕೆ ಚುನಾವಣೆಗೆ ನಾಮಪತ್ರ ವಾಪಸು ಪಡೆಯುವ ದಿನ ಮುಗಿಯಿತು. ನಮ್ಮ ವಾರ್ಡ್ ಈ ಸಲ ಮಹಿಳೆಗೆ ಮೀಸಲು. ಉಳಿದವರು ಮೂವರು. ಐಶ್ವರ್ಯಾ — ಹತ್ತು ವರ್ಷ ಮೆಂಬರ್ ಆಗಿದ್ದ ಗುರುಶಿದ್ದಪ್ಪನವರ ಮಗಳು, ಎಂಬಿಎ. ಯಶೋಧರಾ — ನಮ್ಮಿಂದ ಮೂರನೇ ಮನೆ, ಕಾಂಟ್ರ್ಯಾಕ್ಟರ್ ಶಶಿಕುಮಾರನ ಹೆಂಡತಿ. ಸುಲ್ತಾನಾ — ನನ್ನ ಬ್ಲೌಸ್ ಹೊಲಿಯುವವಳು, ಪಕ್ಷೇತರ. ಆಕೆ ಯಾಕೆ ನಿಂತಳೋ ತಿಳಿಯಲಿಲ್ಲ.

ಗುರುಶಿದ್ದಪ್ಪ ಹತ್ತು ವರ್ಷದಲ್ಲಿ ನಮ್ಮ ರಸ್ತೆ ಮೂರು ಸಲ ಅಗೆಸಿದರು, ಎರಡು ಸಲ ಮುಚ್ಚಿಸಿದರು. ಶಶಿಕುಮಾರ ಮೂರನೇ ಸಲ ನಾನು ಮುಚ್ಚಿಸುತ್ತೇನೆ ಅನ್ನುತ್ತಾನೆ. ಹೆಣ್ಣುಮಕ್ಕಳಿಬ್ಬರೂ ಏನನ್ನುತ್ತಾರೆ ಅಂತ ಯಾವ ಪೇಪರಿನಲ್ಲೂ ಇಲ್ಲ.

ಇವರು ಲೋಂಡಾದಿಂದ ಫೋನ್ ಮಾಡಿದ್ದರು. ಗೂಡ್ಸ್ ಗಾಡಿ ಗಾರ್ಡ್ — ರೈಲ್ವೆಯವರು ಈಗ ಟ್ರೇನ್ ಮ್ಯಾನೇಜರ್ ಅಂತ ಹೆಸರು ಬದಲಿಸಿದ್ದಾರೆ. ಗಾಡಿ ಅದೇ, ನಿದ್ದೆಗೇಡೂ ಅದೇ. ಯಾರಿಗೆ ಹಾಕೋಣ ಅಂದೆ. “ಇಪ್ಪತ್ತೊಂದಕ್ಕ ನನಗ ಡ್ಯೂಟಿ ಬಿದ್ದರ ಆ ಪ್ರಶ್ನೇನ ಇಲ್ಲಲ್ಲ” ಅಂದರು. ಖುಷಿಯಲ್ಲಿದ್ದ ಹಾಗೆ ಕೇಳಿಸಿತು.

ಫೆ. 10, ಬುಧವಾರ

ಸಂಜೆ ಬ್ಯಾಚ್ ನಡೆದಿತ್ತು. ಹೊರಗೆ ಪ್ರಚಾರದ ಹಲಗಿ ಸಪ್ಪಳ. ಹುಡುಗರು ಪೆನ್ನು ಕೆಳಗಿಟ್ಟರು.

ಯಶೋಧರಾ, ಹಿಂದೆ ಏಳೆಂಟು ಹೆಂಗಸರು, ಅವರ ಹಿಂದೆ ಶಶಿಕುಮಾರ, ಫೋನ್ ಹಿಡಿದ ಇಬ್ಬರು. ಹೊಸ್ತಿಲ ಹೊರಗೇ ನಿಂತು ಸೆರಗು ಒಡ್ಡಿದಳು. “ಅವ್ವಾರ, ಸೆರಗೊಡ್ಡಿ ಕೇಳಾಕತ್ತೇನಿ. ನಿಮ್ಮ ಮಗಳಂತ ತಿಳೀರಿ.” ಬಾಯಿಪಾಠ. ನಡುವೆ ಒಮ್ಮೆ ಗಂಡನ ಕಡೆ ನೋಡಿದಳು, ಸರಿಯಾಗಿ ಹೇಳಿದೆನೋ ಇಲ್ಲೋ ಅಂತ.

ಅತ್ತಿ ಕುರ್ಚಿಯಿಂದಲೇ, “ಹೊಸ್ತಲದ ಹೊರಗ ನಿಂತು ಸೆರಗ ಒಡ್ಡಬಾರದು. ಒಳಗ ಬಾ” ಅಂದರು. ನನ್ನ ಕಡೆ ತಿರುಗಿ, “ದಾಕ್ಷಾಯಿಣಿ, ಉಡಿ ತುಂಬು.”

ಮಾವನವರು ಹೋದ ಮೇಲೆ ಅತ್ತಿ ತಾವು ಯಾರಿಗೂ ಉಡಿ ತುಂಬುವುದಿಲ್ಲ. ಈ ಕಟ್ಟಳೆ ಯಾಕೆ ಅಂತ ಎರಡು ಸಲ ಜಗಳ ಮಾಡಿದ್ದೇನೆ. ಅವರೇ ಒಪ್ಪುವುದಿಲ್ಲ. ಹೀಗಾಗಿ ಆಜ್ಞೆ ಅವರದು, ಕೈ ನನ್ನದು. ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಟ್ರಂಕಿನಲ್ಲಿದ್ದ ಹಸಿರು ಜಂಪರ್ ಪೀಸ್. ಕುಂಕುಮ ಹಚ್ಚಿ ತುಂಬಿದೆ. ಯಶೋಧರಾಳ ಸೆರಗು ಜಾರಿ ಒಂದಿಷ್ಟು ಅಕ್ಕಿ ನೆಲಕ್ಕೆ ಬಿತ್ತು. ಸಾವಕಾಶ ಅಂದೆ.

ಉಡಿ ತುಂಬಿದ ಮನೆ ಆ ಹೆಣ್ಣಿಗೆ ತವರುಮನೆ. ಹಬ್ಬಕ್ಕೆ ಬಂದ ಮಗಳಿಗೆ, ಬಸುರಿಗೆ ತುಂಬುತ್ತೇವೆ. ಉಮೇದುವಾರಳಿಗೆ ತುಂಬಿದ್ದು ಇದೇ ಮೊದಲು.

ಅವರು ಹೋದ ಮೇಲೆ ಕೇಳಿದೆ, “ಅತ್ಯಾರ, ಹಂಗಾರ ವೋಟೂ ಆಕಿಗೇನ್ರಿ?”

“ಮನಿಗೆ ಬಂದ ಹೆಣ್ಣಮಗಳನ್ನ ಬರೇ ಉಡೀಲೆ ಕಳಸ್ತಿಯೇನು? ಉಡಿ ಬ್ಯಾರೆ, ವೋಟ್ ಬ್ಯಾರೆ.” ಕುರ್ಚಿಯಿಂದ ಏಳುತ್ತ, “ಆದ್ರ ಉಡಿ ತುಂಬಿ ವೋಟ್ ಹಾಕಲಿಲ್ಲಂದ್ರ ಮಂದಿ ಏನಂತಾರ, ಅದನ್ನೂ ನೋಡಬೇಕು” ಅಂದರು.

ಫೆ. 11, ಗುರುವಾರ

ಬೆಳಿಗ್ಗೆ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ. ನಾನು ಬಗ್ಗಿ ಅಕ್ಕಿ ಹಾಕುತ್ತಿದ್ದೇನೆ, ಹಿಂದೆ ಅತ್ತಿ. ಕೆಳಗೆ — “ದಾಕ್ಷಾಯಿಣಿ ಟೀಚರ್ ಬೆಂಬಲ ನಮಗೆ.” ಮಧ್ಯಾಹ್ನದ ಹೊತ್ತಿಗೆ ಅದೇ ಚಿತ್ರ ಕರಪತ್ರದಲ್ಲಿ.

ಶಶಿಕುಮಾರನಿಗೆ ಫೋನ್ ಹಚ್ಚಿದೆ.

“ಅಯ್ಯ ವೈನಿ, ಫೋಟೋದಾಗ ಎಷ್ಟ ಛಲೋ ಬಂದೀರಿ ನೋಡ್ರಿ.”

“ನಾ ಬೆಂಬಲ ಕೊಟ್ಟೇನಿ ಅಂತ ಯಾರ ಹೇಳಿದ್ರು?”

“ಉಡಿ ತುಂಬೀರಲ್ಲ? ಮತ್ತ ಬಾಯಿಲೆ ಬ್ಯಾರೆ ಹೇಳಬೇಕೇನ್ರಿ?”

ಫೋನ್ ಇಟ್ಟುಬಿಟ್ಟೆ. ಈಗ ಹತ್ತು ಉತ್ತರ ಹೊಳೆಯುತ್ತಿವೆ.

ಸಂಜೆ ಶೇವಂತೆವ್ವ ಬಂದಿದ್ದಳು, ಮಗನ ಫೀಸ್ ಕೊಡಲಿಕ್ಕೆ. ಓಣಿಯ ತುದಿಗೆ ಆಕೆಯ ರೊಟ್ಟಿ ಕೇಂದ್ರ. ಇಪ್ಪತ್ತು ಹೆಂಗಸರು ಅಲ್ಲಿ ರೊಟ್ಟಿ ಬಡಿಯುತ್ತಾರೆ. “ಟೀಚರ್, ನೀವು ತುಂಬೀರಂದ ಮ್ಯಾಲ ನಮ್ದೂ ಎಲ್ಲಾರ್ದೂ ಅಲ್ಲೇ ಬಿಡ್ರಿ” ಅಂದಳು. ನಾನಿನ್ನೂ ಏನೂ ತೀರ್ಮಾನ ಮಾಡಿಲ್ಲ ಅಂದೆ. ನಕ್ಕಳು. ನಾಚಿಕೊಳ್ಳುತ್ತಿದ್ದೇನೆ ಅಂದುಕೊಂಡಳು ಕಾಣುತ್ತದೆ.

ಫೆ. 12, ಶುಕ್ರವಾರ

ಐಶ್ವರ್ಯಾ ಬಂದಳು. ಅತ್ತಿ ಒಳಗೆ ಮಲಗಿದ್ದರು, ಉಡಿಯ ಪ್ರಶ್ನೆ ಬರಲಿಲ್ಲ. ಪುಣ್ಯ. “ಆಂಟಿ, ನನ್ನ ಹತ್ರ ಒಂದು ವಿಷನ್ ಇದೆ.” ಏನಮ್ಮ ಅದು ಅಂದರೆ, ಮೊದಲು ಈ ಮೂಲೆಯ ಮಟನ್ ಅಂಗಡಿ ತೆಗೆಸುತ್ತೇನೆ, ಮೂರು ತಿಂಗಳಲ್ಲಿ, ಅಂದಳು.

ತಾಸಿನ ಮೇಲೆ ಕರಿಬೇವು ತರಲು ಹಿಂದಿನ ಓಣಿಗೆ ಹೋದೆ. ಆಟೋದ ಮೇಲೆ ಮೈಕು. ಮೈಕಿನಲ್ಲಿ ಅದೇ ಐಶ್ವರ್ಯಾ. “ಅಹಮದಸಾಬ ಕಾಕಾ ಅವರ ಅಂಗಡಿಗೆ ಪರ್ಮನೆಂಟ್ ಲೈಸೆನ್ಸ್ ಮಾಡಿಸಿಕೊಡ್ತೀವಿ.”

ಎರಡನ್ನೂ ನನ್ನ ಕಿವಿಯಿಂದಲೇ ಕೇಳಿದ್ದು. ಅಹಮದಸಾಬ ಅದೇ ಮಟನ್ ಅಂಗಡಿ ಮುಂದೆ ನಿಂತಿದ್ದರು. ನಿಮ್ಮ ಕಡೆ ಏನಂದ್ಲು ಟೀಚರ್ ಅಂತ ಕೇಳಿದರು. ಹೇಳಿದೆ. ಮುಖದಲ್ಲಿ ಏನೂ ಬದಲಾಗಲಿಲ್ಲ. “ಮೊದಲ ಮೂರು ತಿಂಗಳದಾಗ ತಗಸಿ, ಆಮ್ಯಾಲ ಪರ್ಮನೆಂಟ್ ಮಾಡತಾಳೇನೋ ಬಿಡ್ರಿ” ಅಂದರು.

ಈ ಹುಡುಗಿಗೆ ಹಾಕಲಾರೆ.

ಫೆ. 13, ಶನಿವಾರ

ಬ್ಲೌಸ್ ಕೊಡುವ ನೆಪ ಮಾಡಿ ಸುಲ್ತಾನಾಳ ಹತ್ತಿರ ಹೋದೆ. ನೇರವಾಗಿ ಕೇಳಿದೆ — ಯಾಕ ನಿಂತಿ?

“ಶಶಿ ಅಣ್ಣಾ ನಿಂದ್ರು ಅಂದ್ರು, ನಿಂತೇನಿ. ಡಿಪಾಸಿಟ್ ಅವರ ಕಟ್ಟ್ಯಾರ. ನಮ್ಮ ಮಂದಿ ವೋಟ್ ಐಶ್ವರ್ಯಾನ ಕಡೆ ಹೋಗಬಾರದಂತ. ನಾ ಏನ ಮುಚ್ಚಿಡೂದೈತಿ ಟೀಚರ್, ಓಣಿಗೆಲ್ಲಾ ಗೊತ್ತೈತಿ.”

“ನೀನ ಗೆದ್ರ?”

“ಹಂಗ ಅನ್ನಬ್ಯಾಡ್ರಿ. ಮದುವಿ ಸೀಜನ್, ನಲವತ್ತು ಬ್ಲೌಸ್ ಬಾಕಿ ಅದಾವು. ಆದ್ರ ಚಿಹ್ನೆ ನೋಡ್ರಿ — ಹೊಲಿಗಿ ಮಷಿನ್ ಕೊಟ್ಟಾರ. ಪುಕ್ಕಟ ಅಡ್ವರ್ಟೈಸ್ ಆತು. ಮೂರು ಹೊಸಾ ಗಿರಾಕಿ ಬಂದಾರ.”

ಮೂವರಲ್ಲಿ ಖರೇ ಮಾತಾಡಿದವಳು ಇವಳೊಬ್ಬಳೇ. ಅವಳಿಗೆ ಹಾಕಿದರೆ ಅವಳಿಗೇ ಸಿಟ್ಟು ಬರುತ್ತದೆ.

ಫೆ. 14, ಭಾನುವಾರ

ಈ ಸಲ ಆರೇ ದಿನಕ್ಕೆ ನೀರು ಬಿಟ್ಟರು. ಹನ್ನೊಂದಕ್ಕೆ ಓಣಿಯ ಬಾಯಲ್ಲಿ ನೀರಿನ ಪೈಪು ಒಡೆಯಿತು. ಚರಂಡಿ ನೀರು, ಕುಡಿಯುವ ನೀರು ಒಂದೇ ಆಗಿ ಹರಿಯಿತು. ವಾಲ್ವ್ ತಿರುಗಿಸುವ ದ್ಯಾಮಣ್ಣ ಬಂದು, ಇವತ್ತು ಸಂಡೇ, ನಾಳೆ ನೋಡೋಣ ಅಂದ.

ಯಶೋಧರಾ ಪ್ರಚಾರ ಮುಗಿಸಿ ಬರುತ್ತಿದ್ದಳು. ಗಂಡ ಪಕ್ಕದಲ್ಲಿರಲಿಲ್ಲ. ಸೀರೆ ಎತ್ತಿ ಕಟ್ಟಿ ನೀರಿನಲ್ಲೇ ನಿಂತಳು. “ದ್ಯಾಮಣ್ಣ, ನಿನ್ನ ಮನ್ಯಾಗ ಸಂಡೇ ಬಾಯಾರಿಕಿ ಆಗೂದಿಲ್ಲೇನು? ಈಗ ವಾಲ್ವ್ ಬಂದ್ ಮಾಡು. ಫಿಟರ್ ನಂಬರ್ ನಂಗ ಕೊಡು, ನಾ ಮಾತಾಡತೇನಿ. ಅಂವಾ ಬರೂತನಕ ನೀ ಇಲ್ಲೇ, ನಾನೂ ಇಲ್ಲೇ.” ಎರಡೂವರೆಗೆ ಪೈಪು ರಿಪೇರಿ ಆಯಿತು. ಅಲ್ಲಿಯತನಕ ಮನೆಮನೆಗೆ ಹೋಗಿ, ತಂಬಿಗೆಯಲ್ಲಿ ಹಿಡಿದಿಟ್ಟ ನೀರು ಚೆಲ್ಲಿರಿ, ಮಕ್ಕಳಿಗೆ ಕುಡಿಸಬೇಡಿರಿ ಅಂತ ಹೇಳಿದಳು. ಮೊನ್ನೆ ಸೆರಗೊಡ್ಡಿ ಬಾಯಿಪಾಠ ಒಪ್ಪಿಸಿದವಳೇ ಇವಳೇನು ಅನ್ನಿಸಿತು.

ಯಾರೋ “ಮೆಂಬರಬಾಯಾರ” ಅಂತ ಚಾಷ್ಟಿ ಮಾಡಿದರು. ಯಶೋಧರಾ ತಿರುಗಿ ನೋಡಿದಳು. ಕೆನ್ನೆ ಕೆಂಪಾಗಿತ್ತು.

ಹಾಕಬಹುದೇನೋ ಇವಳಿಗೆ.

ಫೆ. 16, ಮಂಗಳವಾರ. ಮಧ್ಯಾಹ್ನ ನಾಲ್ಕು

ಈಗಲೇ ಬರೆದಿಡಬೇಕು, ಮಾತು ಮರೆಯುವ ಮೊದಲು.

ಊಟ ಆಗಿ ಅತ್ತಿ ಅಡ್ಡಾಗಿದ್ದರು. ಹಿತ್ತಿಲ ಬಾಗಿಲು ಸಪ್ಪಳ. ಯಶೋಧರಾ. ಚಪ್ಪಲಿ ಕೈಯಲ್ಲಿ ಹಿಡಿದಿದ್ದಳು. ಅಡಿಗೆಮನೆಯಲ್ಲಿ ನೆಲದ ಮೇಲೆ ಕೂತಳು. ನೀರು ಕೊಟ್ಟೆ, ಕುಡಿಯಲಿಲ್ಲ.

“ಅಕ್ಕಾರ, ಉಡಿ ತುಂಬೀರಿ. ಈ ಮನಿ ನನಗ ತವರಮನಿ ಆತು, ಹೌದಲ್ಲ?”

ಹೌದು ಅಂದೆ.

“ಹಂಗಾರ ಒಂದು ಬೇಡತೇನಿ. ನನಗ ವೋಟ್ ಹಾಕಬ್ಯಾಡ್ರಿ. ಓಣಿ ಹೆಣ್ಣಮಕ್ಕಳಿಗೂ ಹಾಕಬ್ಯಾಡ್ರಿ ಅಂತ ಹೇಳ್ರಿ. ನಿಮ್ಮ ಮಾತ ಕೇಳತಾರ.”

ಎದುರಿಗೆ ನಾನೂ ನೆಲದ ಮೇಲೆ ಕೂತೆ. ಆಕೆಯೇ ಹೇಳಿದಳು. ಸರ್ಕಾರಿ ಸಾಲೆಯ ಹೊಸ ಕೋಣೆ ಕಟ್ಟಿದ್ದು ಶಶಿಕುಮಾರ. ಆಗ ಸಾಲೆಯ ಅಭಿವೃದ್ಧಿ ಸಮಿತಿಗೆ ಯಶೋಧರಾ ಅಧ್ಯಕ್ಷೆ. ಗಂಡ ಇಟ್ಟ ಕಾಗದಕ್ಕೆಲ್ಲ ಸಹಿ ಹಾಕಿದಳು, ಕೆಲಸ ಬರೋಬ್ಬರಿ ಆಗಿದೆ ಅಂತ. ಹೋದ ವರ್ಷ ಚಾವಣಿಯ ಸಿಮೆಂಟು ಕಳಚಿ ಬಿತ್ತು. ಅದು ಪೇಪರಿನಲ್ಲಿ ಬಂದಿತ್ತು, ನಾನೇ ಓದಿದ್ದೇನೆ. ಯಾರಿಗೂ ಪೆಟ್ಟಾಗಿರಲಿಲ್ಲ. ನಾಲ್ಕು ಸಾಲಿನ ಸುದ್ದಿ.

“ಐತವಾರ ಇತ್ತು ಅಕ್ಕಾರ. ಮೂರನೇ ಬೆಂಚಿನ ಮ್ಯಾಲ ಬಿದ್ದಿತ್ತು. ನಾ ಹೋಗಿ ನೋಡೇನಿ. ಸೋಮವಾರ ಆಗಿದ್ರ?”

“ಅವರಿಗೆ ಹೇಳಬೇಕಿತ್ತು, ಸಹಿ ಮಾಡಾಂಗಿಲ್ಲಂತ.”

“ಹೇಳೇನಿ. ಒಂದ ಸಲ.” ಸೆರಗು ಭುಜದ ತುಂಬ ಎಳೆದುಕೊಂಡಳು. “ನಾ ಆರಿಸಿ ಬಂದ್ರ ಇಡೀ ವಾರ್ಡಿನ ಕೆಲಸ ಅವರ್ದು, ಸಹಿ ನಂದು. ಅಂಗನವಾಡಿ ಕಟ್ಟಡ ಬರೂದೈತಿ. ಗಟಾರದ ಮ್ಯಾಲಿನ ಸ್ಲ್ಯಾಬ್ ಬರೂದೈತಿ. ಅದರ ಮ್ಯಾಲ ಮಕ್ಕಳ ಅಡ್ಡಾಡತಾವು. ಸೋತ್ರ ನಾಕ ದಿನ ಬೈತಾರ, ತೀರತೈತಿ.”

ಯಾರ ಮುಂದೂ ಹೇಳಬೇಡಿ ಅಂತ ಕೈ ಹಿಡಿದಳು. ಅಷ್ಟರಲ್ಲಿ ಹೊರಗೆ ಹಲಗಿ ಸಪ್ಪಳ ಕೇಳಿಸಿತು, ಹೋಗಿಬಿಟ್ಟಳು.

ಅತ್ತಿ ಮಗ್ಗುಲಾಗಿ ಮಲಗೇ ಇದ್ದರು.

ಫೆ. 17, ಬುಧವಾರ

ಬ್ಯಾಚಿನಲ್ಲಿ ಒಂದು ಲೆಕ್ಕ ತಪ್ಪು ಬಿಡಿಸಿದೆ. ಹುಡುಗಿಯೊಬ್ಬಳು ತಿದ್ದಿದಳು.

ಗೊತ್ತಿರುವುದನ್ನು ಬರೆಯುತ್ತೇನೆ. ನೋಟಾ ಇದೆ. ಅದನ್ನು ಎಣಿಸುತ್ತಾರೆ, ಅದರಿಂದ ಯಾರೂ ಸೋಲುವುದಿಲ್ಲ. ಸುಲ್ತಾನಾಳಿಗೆ ಬಿದ್ದ ವೋಟೂ ಹಾಗೆಯೇ. ಹೋದ ಸಲ ಈ ವಾರ್ಡಿನಲ್ಲಿ ಗೆದ್ದವರಿಗೂ ಸೋತವರಿಗೂ ಇಪ್ಪತ್ತಾರೇ ಮತದ ಅಂತರ. ಅಂದರೆ ಯಶೋಧರಾ ಬೇಡಿದ್ದು ಖರೇ ನಡೆಸಿಕೊಡಬೇಕಾದರೆ ಆಕೆಗೆ ಹಾಕದಿದ್ದರೆ ಸಾಲದು. ಐಶ್ವರ್ಯಾಳಿಗೆ ಹಾಕಬೇಕು. ಮಟನ್ ಅಂಗಡಿ ತೆಗೆಸಿ, ಅದಕ್ಕೇ ಪರ್ಮನೆಂಟ್ ಲೈಸೆನ್ಸ್ ಕೊಡಿಸುವವಳಿಗೆ.

ಸುಮ್ಮನಿದ್ದುಬಿಟ್ಟರೆ? ಕರಪತ್ರ ಮನೆಮನೆಯಲ್ಲಿದೆ. ನಾನು ಬಾಯಿ ಮುಚ್ಚಿಕೊಂಡರೂ ನನ್ನ ಫೋಟೋ ಯಶೋಧರಾಳಿಗೆ ವೋಟ್ ಕೇಳುತ್ತಲೇ ಇರುತ್ತದೆ.

ಹೇಳಿದರೆ? ಯಾಕೆ ಅಂತ ಕೇಳುತ್ತಾರೆ. ಆ ಯಾಕೆಗೆ ಉತ್ತರ ಕೊಟ್ಟರೆ ಸಂಜೆಯೊಳಗೆ ಶಶಿಕುಮಾರನ ಕಿವಿಗೆ.

ಇನ್ನೊಂದು ಬರೆಯಲೇಬೇಕು. ಪೈಪಿನ ನೀರಿನಲ್ಲಿ ನಿಂತಿದ್ದವಳು ಕಣ್ಣಿಗೆ ಬರುತ್ತಾಳೆ. ಇಂಥವಳು ಮೆಂಬರ್ ಆದರೆ ಒಂದು ದಿನ ಗಂಡನ ಕಾಗದ ಹರಿದು ಒಗೆಯಬಹುದು. ಒಗೆಯದೇ ಇರಬಹುದು. ಮೂರನೇ ಬೆಂಚು.

ಫೆ. 18, ಗುರುವಾರ

ಹೇಳಿದೆ.

ಹನ್ನೊಂದಕ್ಕೆ ರೊಟ್ಟಿ ಕೇಂದ್ರಕ್ಕೆ ಹೋದೆ. ಎಲ್ಲರೂ ಬಡಿಯುತ್ತಿದ್ದರು. ಆ ಸಪ್ಪಳದಲ್ಲಿ ಮೊದಲ ಸಲ ಹೇಳಿದ್ದು ಯಾರಿಗೂ ಕೇಳಲಿಲ್ಲ. ಮತ್ತೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು.

“ನಾ ಉಡಿ ತುಂಬಿದ್ದು ಮನಿ ಪದ್ಧತಿ. ವೋಟ್ ಕೊಟ್ಟೇನಿ ಅಂತಲ್ಲ. ಪಾಂಪ್ಲೇಟಿನ್ಯಾಗ ಬರದದ್ದು ನನ್ನ ಮಾತಲ್ಲ. ನನ್ನ ಮಾರಿ ನೋಡಿ ಯಾರೂ ಹಾಕಬ್ಯಾಡ್ರಿ. ನಿಮ್ಮ ಮನಸಿಗೆ ಬಂದಂಗ ಹಾಕ್ರಿ.”

ಇಷ್ಟೇ. ಇದರಲ್ಲಿ ಸುಳ್ಳು ಒಂದೂ ಇಲ್ಲ. ಯಶೋಧರಾಳ ಗುಟ್ಟೂ ಇಲ್ಲ.

ಬಡಿಯುವುದು ನಿಂತಿತು. ಶೇವಂತೆವ್ವ ಹಿಟ್ಟಿನ ಕೈಯಲ್ಲೇ ಸೊಂಟದ ಮೇಲೆ ಕೈ ಇಟ್ಟಳು. “ಅಂದ್ರ ಹಾಕಬ್ಯಾಡಂತೀರೇನು?”

“ಹಂಗ ಹೇಳಿಲ್ಲ.”

“ಹಾಕು ಅಂತನೂ ಹೇಳಿಲ್ಲಲ್ಲ.”

ಇನ್ನೊಬ್ಬಳು, “ಕೈಯಾರೆ ಉಡಿ ತುಂಬಿ ಎಂಟ ದಿನಕ್ಕ ಇಲ್ಲಂತಾರಲ್ಲವಾ, ದೊಡ್ಡ ಮಂದಿ” ಅಂದಳು. ನನಗೆ ಕೇಳಲಿ ಅಂತಲೇ ಅಂದದ್ದು. ಹಿಟ್ಟು ನಾದುತ್ತಿದ್ದ ಬೀರವ್ವ ತಲೆ ಎತ್ತದೆ, “ಟೀಚರ್ ಸುಮ್ನ ಹೇಳೂ ಪೈಕಿ ಅಲ್ಲ. ಏನೋ ಇರಬೇಕು” ಅಂದಳು. ಆ ಮಾತಿಗೇ ನನಗೆ ಹೆಚ್ಚು ಹೆದರಿಕೆಯಾಯಿತು.

ಸಂಜೆ ಗುರುಶಿದ್ದಪ್ಪನವರ ಕಡೆಯವನೊಬ್ಬ ಹಾರ ಹಿಡಿದು ಬಂದ. ನಮ್ಮ ಕಡೆ ಬಂದಿರಂತ ಕೇಳಿದ್ವಿ ಟೀಚರ್, ಒಂದು ಫೋಟೋ ಅಂದ. ಬಾಗಿಲು ಹಾಕಿಕೊಂಡೆ.

ಫೆ. 19, ಶುಕ್ರವಾರ. ಸಂಜೆ

ಪ್ರಚಾರ ಮುಗಿಯಿತು, ಮೈಕು ಬಂದ್ ಆದವು. ಓಣಿ ಒಮ್ಮೆಲೇ ಶಾಂತ.

ಐದಕ್ಕೆ ಶಶಿಕುಮಾರ ಬಂದ. ಒಬ್ಬನೇ ಅಲ್ಲ, ಯಶೋಧರಾಳನ್ನೂ ಕರೆದುಕೊಂಡು. ಹುಡುಗರನ್ನು ಮನೆಗೆ ಕಳಿಸಿದೆ. ಚಹಾ ಬೇಡ ಅಂದ. ನಗುಮುಖ.

“ವೈನಿ, ರೊಟ್ಟಿ ಕೇಂದ್ರದಾಗ ಏನೋ ಭಾಷಣ ಮಾಡಿದ್ರಂತ.”

“ಭಾಷಣ ಅಲ್ಲ. ಇದ್ದದ್ದು ಹೇಳೇನಿ.”

“ಇದ್ದದ್ದ ಹೇಳೂದು ಛಲೋ. ಆದ್ರ ಒಮ್ಮಿಂದೊಮ್ಮೆ ಯಾಕ ಹೇಳಬೇಕನಿಸ್ತು? ಯಾರರೆ ಬಂದು ಕಿವಿ ಊದಿದ್ರೇನು?” ಉತ್ತರಕ್ಕೆ ಕಾಯದೆ ಅದೇ ದನಿಯಲ್ಲಿ, “ಮಂಗಳವಾರ ನಮ್ಮಾಕಿ ನಿಮ್ಮ ಹಿತ್ತಲದಿಂದ ಹೊರಗ ಬಂದಿದ್ದು ನಮ್ಮ ಹುಡುಗರು ನೋಡ್ಯಾರ” ಅಂದ.

ಯಶೋಧರಾ ನೆಲ ನೋಡುತ್ತಿದ್ದಳು. ಇಲ್ಲ ಅನ್ನಬೇಕು ಅಂತ ಬಾಯಿ ತೆರೆದೆ. ಸುಳ್ಳು ಹೇಳಿ ರೂಢಿಯಿಲ್ಲ.

ಅತ್ತಿ ಒಳಗಿಂದ ಬಂದರು. “ಬಂದಿದ್ಲಪಾ. ನಾನ ಕರದಿದ್ದೆ. ಉಪ್ಪಿನಕಾಯಿ ಕೊಟ್ಟು ಕಳಿಸೇನಿ. ಉಡಿ ತುಂಬಿದ ಮಗಳು ತವರಮನಿಗೆ ಬರಬಾರದೇನು? ನಿನ್ನ ಅಪ್ಪಣಿ ಬೇಕೇನು ಅದಕ್ಕ?”

“ಹಂಗಲ್ಲ ಅವ್ವಾರ—”

“ಉಪ್ಪಿನಕಾಯಿ ಹ್ಯಾಂಗಿತ್ತು ಯಶೋಧರಾ?”

“ಛಲೋ ಇತ್ರಿ” ಅಂದಳು. ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣ ದನಿ.

ಶಶಿಕುಮಾರ ಅಷ್ಟಕ್ಕೆ ಬಿಡಲಿಲ್ಲ. ಅಂಗೈ ಚಾಚಿದ. ಹಾಗಾದರೆ ಕೈ ಮೇಲೆ ಕೈ ಹಾಕಿ ಮಾತು ಕೊಡಿರಿ, ನಿಮ್ಮಿಬ್ಬರ ವೋಟ್ ನಮಗೆ ಅಂತ. ಅತ್ತಿ ಒಂದು ನಿಮಿಷವೂ ತಡ ಮಾಡಲಿಲ್ಲ. ಅವನ ಕೈ ಮೇಲೆ ಕೈ ಇಟ್ಟು, “ನನ್ನ ವೋಟ್ ಯಶೋಧರಾಗ. ಇದು ಮಾತು” ಅಂದರು. ಅತ್ತಿ ಕೊಟ್ಟ ಮಾತು ತಪ್ಪಿದ್ದನ್ನು ನಾನು ನೋಡಿಲ್ಲ.

ಕೈ ನನ್ನ ಕಡೆ ತಿರುಗಿತು.

“ನನ್ನ ವೋಟ್ ನಾ ಯಾರಿಗೂ ಹೇಳಾಂಗಿಲ್ಲ. ನಿಮಗಷ್ಟ ಅಲ್ಲ, ನನ್ನ ಗಂಡಗೂ ಹೇಳಾಂಗಿಲ್ಲ.”

“ಹೇಳಬ್ಯಾಡ್ರಿ ವೈನಿ. ಬೂತಿನ ಲೆಕ್ಕ ಬ್ಯಾರೆ ಬ್ಯಾರೆ ಬರತೈತಿ. ಈ ಓಣಿ ಏನ ಮಾಡಿತು ಅಂತ ಬುಧವಾರ ಮಷಿನ್ನ ಹೇಳತೈತಿ.” ಎದ್ದ. ಹೋಗುವಾಗ ಹೆಂಡತಿಯ ಹೆಗಲ ಮೇಲೆ ಕೈ ಇಟ್ಟ. ಮೆತ್ತಗೆ. ಅವಳು ಮೈ ಸಣ್ಣದು ಮಾಡಿಕೊಂಡಳು.

ಫೆ. 20, ಶನಿವಾರ

ಅತ್ತಿ ಬಟಾಣಿ ಸುಲಿಯುತ್ತ ಹೇಳಿದರು, “ಎಲ್ಲಾ ಕೇಳೇನಿ ನಾ ಅವತ್ತ. ಈ ವಯಸ್ಸಿನ್ಯಾಗ ಮಧ್ಯಾಹ್ನ ನಿದ್ದಿ ಎಲ್ಲಿ ಬರತೈತಿ.”

“ಮತ್ತ ಅವಂಗ ಯಾಕ ಮಾತ ಕೊಟ್ರಿ ಅತ್ಯಾರ?”

“ಕೊಡಲಿಲ್ಲಂದಿದ್ರ ಆಕಿನ ಮನಿತನಕ ಹ್ಯಾಂಗ ಕರಕೊಂಡ ಹೋಗತಿದ್ನೋ.”

“ಹಂಗಾರ ನಾಳೆ ಯಾರಿಗೆ ಹಾಕತೀರಿ?”

“ಮಾತ ಕೊಟ್ಟೇನಲ್ಲ. ಆಕಿಗೇ.” ಬುಟ್ಟಿ ನನ್ನ ಕಡೆ ಸರಿಸಿದರು. “ನೀ ಕೊಟ್ಟಿಲ್ಲ. ನಿಂದ ನೀ ನೋಡಕೋ.”

ಇವರಿಗೆ ನಾಳೆ ಡ್ಯೂಟಿ ಬಿತ್ತು. ಕ್ಯಾಸಲ್‌ರಾಕ್.

ಫೆ. 21, ಭಾನುವಾರ

ಬೆಳಿಗ್ಗೆ 6.30 — ಇನ್ನೂ ತೀರ್ಮಾನವಾಗಿಲ್ಲ. ಯಶೋಧರಾಳಿಗೆ, ಐಶ್ವರ್ಯಾಳಿಗೆ, ನೋಟಾಕ್ಕೆ ಒಂದೊಂದು ಸಲ ಮನಸ್ಸಿನಲ್ಲೇ ಹಾಕಿ ನೋಡಿದೆ. ಹೋಗಲೇಬಾರದು ಅಂತಲೂ ಅನ್ನಿಸಿತು. ಅತ್ತಿ ಇಳಕಲ್ ಸೀರೆ ಉಟ್ಟು ತಯಾರಾಗಿ ಕೂತಿದ್ದಾರೆ.

9.40 — ಬಂದೆವು.

ಬೂತಿನಿಂದ ನೂರು ಮೀಟರ್ ದೂರಕ್ಕೆ ಯಶೋಧರಾ ಕೈಮುಗಿದು ನಿಂತಿದ್ದಳು, ಪಕ್ಕದಲ್ಲಿ ಗಂಡ. ಹೆಂಗಸರು ಸುತ್ತ ನೆರೆದಿದ್ದರು. ಬೀರವ್ವ ಏನೋ ಹೇಳಿದ್ದಕ್ಕೆ ಜೋರಾಗಿ ನಕ್ಕಳು. ಹೊಸ ಸೀರೆ. ನಮ್ಮನ್ನು ಕಂಡು, “ಅಕ್ಕಾರ, ನಮ್ಮನ್ನ ಮರೀಬ್ಯಾಡ್ರಿ” ಅಂದಳು. ಬಾಯಿಪಾಠದ ದನಿಯಲ್ಲ. ಮಂಗಳವಾರದ ಮಾತು ಇನ್ನೂ ಹಾಗೇ ಇದೆಯಾ, ಬದಲಾಗಿದೆಯಾ? ಕೇಳುವ ಹಾಗಿಲ್ಲ. ಶಶಿಕುಮಾರ ನನ್ನ ಮುಖವನ್ನೇ ನೋಡುತ್ತಿದ್ದ.

ಅತ್ತಿ ಮೊದಲು ಹೋದರು. ಬೀಪ್ ಕೇಳಿಸಿತು.

ರಟ್ಟಿನ ಮರೆಯ ಹಿಂದೆ ನಾನು. ಹೆಸರು ಮೂರು, ಕೆಳಗೆ ನೋಟಾ. ಎಷ್ಟು ಹೊತ್ತು ನಿಂತೆನೋ — ಆಫೀಸರ್, “ಅಮ್ಮಾರ, ಬಟನ್ ಒತ್ತ್ರಿ, ಲೈನ್ ದೊಡ್ಡದೈತಿ” ಅಂದರು. ಒಳಗೆ ಬಂದು ನೆಲದ ಮೇಲೆ ಕೂತು ಬೇಡಿದ್ದು ನಿಜ. ಹೊರಗೆ ನಕ್ಕದ್ದೂ ನಿಜ. ಒಂದಕ್ಕೆ ನಾನು ಸಾಕ್ಷಿ, ಇನ್ನೊಂದಕ್ಕೆ ಓಣಿಯೆಲ್ಲ ಸಾಕ್ಷಿ.

ಐಶ್ವರ್ಯಾಳ ಹೆಸರಿನ ಮುಂದೆ ಒತ್ತಿದೆ.

ಹೊರಗೆ ಬಂದಾಗ ಬಾಯಿ ಕಹಿ. ದಾರಿಯಲ್ಲಿ ಅತ್ತಿ ಕೈ ಹಿಡಿದಿದ್ದರು. ಯಾರಿಗೆ ಅಂತ ಕೇಳಲಿಲ್ಲ. ಮನೆ ಹತ್ತಿರ ಬಂದಾಗ, “ಒಂದ ಮನ್ಯಾಗಿಂದ ಎರಡ ವೋಟ್, ಒಂದಕ್ಕೊಂದ ಹೊಡದು ಸೊನ್ನಿ ಆಯ್ತೇನು?” ಅಂದರು. ಹೌದ್ರಿ ಅಂದೆ. “ಮನ್ಯಾಗ ಕೂತಿದ್ರ ಕಾಲನೋವರೆ ಉಳೀತಿತ್ತು” ಅಂದರು.

ಫೆ. 24, ಬುಧವಾರ

ಬೆಳಿಗ್ಗೆ ಹನ್ನೊಂದಕ್ಕೇ ಮುಗಿಯಿತು. ಐಶ್ವರ್ಯಾ ಗೆದ್ದಳು, ಹದಿನಾಲ್ಕು ಮತದಿಂದ. ಸುಲ್ತಾನಾಳಿಗೆ 212, ನೋಟಾಕ್ಕೆ 39. ನಮ್ಮ ಬೂತಿನಲ್ಲಿ ಯಶೋಧರಾ ಹಿಂದೆ ಬಿದ್ದಿದ್ದಾಳೆ. ಉಳಿದ ಬೂತುಗಳಲ್ಲಿ ಮುಂದಿದ್ದಳು.

ಅಂದರೆ ರೊಟ್ಟಿ ಕೇಂದ್ರ.

ಮಧ್ಯಾಹ್ನ ಮೆರವಣಿಗೆ ಬಂತು. ಗುಲಾಲು, ಪಟಾಕಿ. ಗುರುಶಿದ್ದಪ್ಪ ತಾವೇ ಪೇಡೆ ಹಿಡಿದು ಒಳಗೆ ಬಂದರು. “ನಿಮ್ಮ ಓಣಿ ನಮ್ಮ ಕೈ ಹಿಡೀತು ಟೀಚರ್. ನಿಮ್ಮ ಉಪಕಾರ ಮರಿಯೂದಿಲ್ಲ.” ತಿನ್ನಬೇಕಾಯಿತು. ಹಿಂದೆ ನಿಂತ ಐಶ್ವರ್ಯಾ ಫೋನಿನಲ್ಲಿ ಯಾರಿಗೋ ಥ್ಯಾಂಕ್ಯೂ ಹೇಳುತ್ತಿದ್ದಳು. ನನ್ನ ಮೆಂಬರ್. ನಾನೇ ಆರಿಸಿದ್ದು.

ಶಶಿಕುಮಾರನ ಮನೆ ಬಾಗಿಲು ಹಾಕಿತ್ತು. ಯಶೋಧರಾಳಿಗೆ ಎರಡು ಸಲ ಫೋನ್ ಹಚ್ಚಿದೆ, ಎತ್ತಲಿಲ್ಲ.

ಸಂಜೆ 7 — ಯಶೋಧರಾ ಬಂದಳು. ಈ ಸಲ ಮುಂದಿನ ಬಾಗಿಲಿನಿಂದ. ಕೈಯಲ್ಲಿ ಬಟ್ಟೆಯ ಚೀಲ. ಓಣಿಯೆಲ್ಲ ನೋಡುತ್ತಿತ್ತು, ನೋಡಲಿ ಅನ್ನುವ ಹಾಗೆ ಬಂದಳು. “ಎರಡ ದಿನ ಇರತೇನಿ ಅವ್ವಾರ” ಅಂದಳು ಅತ್ತಿಗೆ. “ಎರಡ ಯಾಕ” ಅಂದರು ಅತ್ತಿ. ತಾಟು ಹಾಕಿಸಿದರು.

ಏನಾಯಿತು ಅಂತ ಕೇಳಿದೆ. “ಏನೂ ಅನ್ನಲಿಲ್ಲ. ಮುಂಜಾನಿಂದ ಒಂದ ಮಾತಾಡಿಲ್ಲ. ಟಿವಿ ಮುಂದ ಕೂತಾರ. ಬರೂ ಮುಂದ ಹೋಗತೇನಿ ಅಂದೆ, ಸೌಂಡ್ ಹೆಚ್ಚ ಮಾಡಿದ್ರು.”

ಉಣ್ಣಲಿಲ್ಲ. ರೊಟ್ಟಿ ಮುರಿದು ಮುರಿದು ತಾಟಿನಲ್ಲೇ ಇಟ್ಟಳು.

“ಹದಿನಾಕ ಅಕ್ಕಾರ. ಬರೇ ಹದಿನಾಕ.”

ನೀನು ಬೇಡಿದ್ದೇ ಆಯಿತಲ್ಲ ಅಂದೆ. ಹ್ಞೂಂ ಅಂದಳು. ಇನ್ನೊಂದು ತುಣುಕು ಮುರಿಯುತ್ತ, “ಬೂತಿನ ಮುಂದ ನಿಂತಾಗ ಹೆಣ್ಣಮಕ್ಕಳು ಗಟಾರ, ಲೈಟು, ಅಂಗನವಾಡಿ ಅಂತ ಎಲ್ಲಾ ನನಗ ಹೇಳಾಕತ್ತಿದ್ರು. ಅವರಿಗೆ ಹೇಳಲಿಲ್ಲ, ನನಗ. ನಾ ತಲ್ಯಾಗ ಇಟಗೊಂಡೇನಿ, ಇನ್ನೂ ಅದಾವು.” ತಾಟು ಸರಿಸಿದಳು. “ಖರೇ ಹೇಳ್ರಿ ಅಕ್ಕಾರ. ನಾ ಆರಿಸಿ ಬಂದಿದ್ರ ಛಲೋ ಕೆಲಸ ಮಾಡತಿದ್ನೇನು?”

ಅತ್ತಿ ನನ್ನ ಕಡೆ ನೋಡಿದರು. ಇಲ್ಲ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

“ಮಾಡತಿದ್ದಿ” ಅಂದೆ.

“ಮತ್ಯಾಕ ನನ್ನ ಮಾತ ಕೇಳಿದ್ರಿ?”

ಬರೆಯಲು ಈಚೆ ಎದ್ದು ಬಂದೆ. ಒಳಗೆ ತಾಟಿನ ಮುಂದೆ ಹಾಗೇ ಕೂತಿದ್ದಾಳೆ, ಕೈ ಒಣಗಿದೆ, ಅತ್ತಿ ಎರಡು ಸಲ ಕರೆದರು. ಹೋಗಿ ಹೇಳಬೇಕು ಆಕೆಗೆ, ನಾನು ಐಶ್ವರ್ಯಾಳಿಗೆ ಹಾಕಿದ್ದು ನಿನ್ನ ಮೇಲೆ ನಂಬಿಕೆ ಇಲ್ಲದೆ ಅಲ್ಲ, ಆ ಮೂರನೇ ಬೆಂಚು ನೆನೆದು ಅಂತ.